ಲಿಫ್ಟ್ ಮಾಡಿಸದೆ ಎಷ್ಟು ದೊಡ್ಡ ಟೈರು ಹಾಕಿಸಬಹುದು?

ಫೋರ್ ಬೈ ಫೋರ್ ಗಾಡಿ ಕೊಂಡು ಸ್ವಲ್ಪ ಕಾಲ ಓಡಿಸಿದವರು ನನ್ನನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ: ಸಸ್ಪೆನ್ಶನ್ ಎತ್ತರಿಸದೆ, ಅಂದರೆ ಲಿಫ್ಟ್ ಮಾಡಿಸದೆ, ಇದಕ್ಕೆ ಎಷ್ಟು ದೊಡ್ಡ ಟೈರು ಹಾಕಿಸಬಹುದು? ಕೇಳುವವರು ಒಂದು ಅಳತೆಯನ್ನು ನಿರೀಕ್ಷಿಸುತ್ತಾರೆ. ನಾನು ಮಾತ್ರ, ನಿಮ್ಮ ಗಾಡಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಎಂದು ಮೊದಲು ವಿಚಾರಿಸುತ್ತೇನೆ. ಆಕ್ಸಲ್ಲಿನ, ಅಂದರೆ ಎಡಬಲದ ಚಕ್ರಗಳನ್ನು ಜೋಡಿಸುವ ಅಡ್ಡ ದಂಡದ, ಹೊಟ್ಟೆ ಕಲ್ಲಿಗೆ ತಾಗುತ್ತಿದ್ದರೆ ದೊಡ್ಡ ಟೈರಿನಿಂದ ಪ್ರಯೋಜನವಿದೆ. ಕೆಸರಿನಲ್ಲಿ ಚಕ್ರ ಹಿಡಿತ ಸಿಗದೆ ತಿರುಗುತ್ತಿದ್ದರೆ ಬೇಕಾಗಿರುವುದು ಒಳ್ಳೆಯ ಟ್ರೆಡ್ (ಟೈರಿನ ನೆಲಕ್ಕೆ ತಾಗುವ ಮೈಯ ಉಬ್ಬುತಗ್ಗು). ಮರಳಿನಲ್ಲಿ ಹೂತುಹೋಗುತ್ತಿದ್ದರೆ ಬೇಕಾಗಿರುವುದು ಟೈರಿನ ಗಾಳಿ ಇಳಿಸುವ ಅಭ್ಯಾಸ. ಈ ಎರಡೂ ತೊಂದರೆಗಳಿಗೆ ಈಗಿರುವ ಅಳತೆಯಲ್ಲಿಯೇ ಪರಿಹಾರ ಸಿಗುತ್ತದೆ.

ದೊಡ್ಡ ಟೈರಿನಿಂದ ಸಿಗುವ ಎತ್ತರ ಎಷ್ಟೆಂಬುದನ್ನು ಟೈರಿನ ಪಕ್ಕದಲ್ಲಿ ಬರೆದಿರುವ ಸಂಖ್ಯೆಗಳಿಂದಲೇ ಲೆಕ್ಕ ಹಾಕಬಹುದು. 235/70 ಆರ್16 ಎಂದರೆ ಅಗಲ 235 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 70, ರಿಮ್ಮಿನ ವ್ಯಾಸ 16 ಇಂಚು. ಎಲ್ಲವನ್ನೂ ಕೂಡಿದರೆ ಟೈರಿನ ಒಟ್ಟು ವ್ಯಾಸ ಸುಮಾರು 735 ಮಿ.ಮೀ. ಆಗುತ್ತದೆ. ಅದೇ ರಿಮ್ಮಿಗೆ 265/70 ಆರ್16 ಹಾಕಿದರೆ ವ್ಯಾಸ ಸುಮಾರು 777 ಮಿ.ಮೀ. ವ್ಯತ್ಯಾಸ 42 ಮಿ.ಮೀ. ಆದರೂ ಆಕ್ಸಲ್ ಮೇಲೇರುವುದು ಅದರ ಅರ್ಧ, ಅಂದರೆ 21 ಮಿ.ಮೀ. ಮಾತ್ರ. ಇದನ್ನು ಕೇಳಿ ಹಲವರು ನಿರಾಶರಾಗುತ್ತಾರೆ. ಆದರೆ ಎರಡು ಸೆಂಟಿಮೀಟರನ್ನು ಹಗುರವಾಗಿ ಕಾಣಬಾರದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಎರಡು ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ, ಕೆಳಗೆ ಜೋತುಬಿದ್ದಂತಿರುವ ಡಿಫರೆನ್ಷಿಯಲನ್ನು (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಹಲ್ಲುಗಾಲಿಗಳ ಗೂಡು) ನೆಲದಿಂದ ಮೇಲಕ್ಕೆತ್ತುವ ಉಪಾಯ ಟೈರಿನ ವ್ಯಾಸವೊಂದೇ. ಸ್ಪ್ರಿಂಗ್ ಬದಲಿಸಿ ಎಷ್ಟೇ ಲಿಫ್ಟ್ ಮಾಡಿಸಿದರೂ ಚಾಸಿ ಮತ್ತು ಬಾಡಿ ಮೇಲೇರುತ್ತವೆಯೇ ಹೊರತು ಆಕ್ಸಲ್ ಇದ್ದಲ್ಲಿಯೇ ಇರುತ್ತದೆ.

ಅಗಲದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಟೈರು ಅಗಲವಾದಷ್ಟೂ ಹೆಚ್ಚು ನೆಲ ಹಿಡಿಯುತ್ತದೆ ಎಂದು ಜನ ನಂಬುತ್ತಾರೆ. ನೆಲಕ್ಕೆ ತಾಗುವ ಭಾಗದ ವಿಸ್ತಾರವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಚಕ್ರದ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಒತ್ತಡ ಅಷ್ಟೇ ಇದ್ದರೆ ಅಗಲದ ಟೈರಿನಲ್ಲಿ ಆ ಭಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಒತ್ತಡವನ್ನು 32 ಪಿಎಸ್‌ಐನಿಂದ 18ಕ್ಕೆ ಇಳಿಸಿದಾಗ ಆ ಹೆಜ್ಜೆಗುರುತು ಮುಖ್ಯವಾಗಿ ಉದ್ದಕ್ಕೆ ಬೆಳೆಯುತ್ತದೆ, ಮೆತ್ತನೆಯ ನೆಲದಲ್ಲಿ ಗಾಡಿಯನ್ನು ತೇಲಿಸುವುದು ಈ ಉದ್ದವೇ. ಹಾಗೆ ಗಾಳಿ ಇಳಿಸಿದ ಟೈರಿನಲ್ಲಿ ನಿಧಾನವಾಗಿ ಓಡಿಸಬೇಕು, ಡಾಂಬರು ರಸ್ತೆಗೆ ಬಂದೊಡನೆ ಮತ್ತೆ ತುಂಬಿಸಬೇಕು. ಇಲ್ಲವಾದರೆ ಪಕ್ಕದ ಗೋಡೆ ಮಡಚಿ ಮಡಚಿ ಕಾಯ್ದು ಹಾಳಾಗುತ್ತದೆ. ಆದ್ದರಿಂದ ಅಗಲ ಮತ್ತು ಎತ್ತರಗಳಲ್ಲಿ ಒಂದನ್ನೇ ಆರಿಸಬೇಕಾದಾಗ ನಾನು ಎತ್ತರವನ್ನು ಆರಿಸುತ್ತೇನೆ. 245/75 ಆರ್16 ಟೈರಿನ ವ್ಯಾಸ ಸುಮಾರು 774 ಮಿ.ಮೀ.; 265/70ಕ್ಕಿಂತ 20 ಮಿ.ಮೀ. ಕಿರಿದಾಗಿದ್ದುಕೊಂಡೇ ಅದು ಹೆಚ್ಚುಕಡಿಮೆ ಅಷ್ಟೇ ಎತ್ತರವನ್ನು ಕೊಡುತ್ತದೆ, ಮತ್ತು ಅಷ್ಟು ಸುಲಭವಾಗಿ ಎಲ್ಲಿಯೂ ಉಜ್ಜುವುದಿಲ್ಲ.

ಉಜ್ಜುವಿಕೆಯ ಪ್ರಶ್ನೆಯೇ ಇಡೀ ವಿಷಯದ ತಿರುಳು. ಟೈರು ಹಾಕಿ, ಸಮತಟ್ಟಾದ ಜಾಗದಲ್ಲಿ ಸ್ಟೀರಿಂಗನ್ನು ಎರಡೂ ಕಡೆ ತಿರುಗಿಸಿ ನೋಡಿ, ಎಲ್ಲಿಯೂ ತಾಗಲಿಲ್ಲ ಎಂದು ಹೇಳಿ ಕಳಿಸುವುದು ಸಾಮಾನ್ಯ. ಅದು ಪರೀಕ್ಷೆಯೇ ಅಲ್ಲ. ಟೈರು ತಾಗುವುದು ಸ್ಪ್ರಿಂಗ್ ಪೂರ್ತಿ ಕುಗ್ಗಿ, ಚಕ್ರ ಮೇಲಕ್ಕೆ ಸೇರಿಕೊಂಡು, ಅದೇ ಹೊತ್ತಿಗೆ ಸ್ಟೀರಿಂಗ್ ಕೂಡ ಪೂರ್ತಿ ತಿರುಗಿರುವಾಗ. ಆ ಸ್ಥಿತಿಯನ್ನು ಬೇಕೆಂದೇ ತಂದುಕೊಂಡು ನೋಡಬೇಕು: ಮುಂದಿನ ಒಂದು ಚಕ್ರವನ್ನೂ ಅದಕ್ಕೆ ಕರ್ಣದಲ್ಲಿರುವ ಹಿಂದಿನ ಚಕ್ರವನ್ನೂ ಗಟ್ಟಿಯಾದ ರ್‍ಯಾಂಪಿನ ಮೇಲೆ ಹತ್ತಿಸಿ, ಗಾಡಿ ಓರೆಯಾಗಿ ತಿರುಚಿಕೊಂಡಾಗ ಒಬ್ಬರು ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಿಧಾನವಾಗಿ ತಿರುಗಿಸಬೇಕು, ಇನ್ನೊಬ್ಬರು ಸುರಕ್ಷಿತ ದೂರದಲ್ಲಿ ನಿಂತು ಟಾರ್ಚ್ ಬಿಟ್ಟು ನೋಡಬೇಕು. ಗಾಡಿಯ ಕೆಳಗೆ ಯಾರೂ ನುಸುಳಬಾರದು. ವೀಲ್ ಆರ್ಚಿನ (ಚಕ್ರದ ಮೇಲಿನ ಬಾಡಿಯ ಕಮಾನು) ಒಳಗೆ ಸೀಮೆಸುಣ್ಣ ಬಳಿದಿದ್ದರೆ ಟೈರು ತಾಗಿದ ಜಾಗ ಒರೆಸಿಹೋಗಿ ತಾನೇ ಗೊತ್ತಾಗುತ್ತದೆ. ನೋಡಬೇಕಾದ ಜಾಗಗಳೂ ನಿರ್ದಿಷ್ಟವಾಗಿವೆ: ಮುಂದಿನ ಆರ್ಚಿನ ಹಿಂಭಾಗದಲ್ಲಿರುವ ಪ್ಲಾಸ್ಟಿಕ್ ಲೈನರ್, ಬಂಪರಿನ ಒಳಮೂಲೆ, ಟೈರಿನ ಒಳಬದಿಗೆ ಎದುರಾಗುವ ಚಾಸಿಯ ಅಂಚು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕ್ ಹೋಸ್. ಲೈನರ್ ಸ್ವಲ್ಪ ಉಜ್ಜಿದರೆ ಬಿಸಿ ಮಾಡಿ ಹಿಂದಕ್ಕೆ ಒತ್ತಬಹುದು ಅಥವಾ ಕತ್ತರಿಸಬಹುದು. ಹೋಸ್ ಉಜ್ಜುವಂತಿದ್ದರೆ ಆ ಟೈರನ್ನು ಬಿಟ್ಟುಬಿಡಬೇಕು. ಇನ್ನೊಂದು ಸರಳ ಉಪಾಯವಿದೆ. ಶಾಕ್ ಅಬ್ಸಾರ್ಬರಿನ ದಂಡಕ್ಕೆ ಒಂದು ಕೇಬಲ್ ಟೈ ಬಿಗಿದು, ಹಳೆಯ ಟೈರಿನಲ್ಲಿಯೇ ನೀವು ಯಾವಾಗಲೂ ಹೋಗುವ ಕೆಟ್ಟ ದಾರಿಯಲ್ಲಿ ಒಮ್ಮೆ ಓಡಾಡಿ ಬಂದರೆ, ಸ್ಪ್ರಿಂಗ್ ನಿಜವಾಗಿ ಎಷ್ಟು ಕುಗ್ಗುತ್ತದೆ ಎಂಬುದನ್ನು ಆ ಟೈ ಸರಿದು ನಿಂತ ಜಾಗವೇ ತೋರಿಸುತ್ತದೆ.

ಚಾಸಿಗೆ ತಾಗುವುದನ್ನು ತಪ್ಪಿಸಲು ಸ್ಪೇಸರ್ (ಚಕ್ರ ಮತ್ತು ಹಬ್ಬಿನ ನಡುವೆ ಕೂರಿಸುವ ಬಿಲ್ಲೆ) ಹಾಕಿ ಚಕ್ರವನ್ನು ಹೊರಕ್ಕೆ ತಳ್ಳುವವರಿದ್ದಾರೆ. ಅದರಿಂದ ಒಳಗಿನ ತಾಕಲಾಟ ತಪ್ಪುವುದು ನಿಜವಾದರೂ, ಚಕ್ರ ಈಗ ಇನ್ನೂ ದೊಡ್ಡ ವೃತ್ತದಲ್ಲಿ ತಿರುಗುವುದರಿಂದ ಹೊರಗಿನ ಆರ್ಚಿಗೆ ತಾಗುವ ಸಂಭವ ಹೆಚ್ಚುತ್ತದೆ, ಬೇರಿಂಗಿನ ಮೇಲಿನ ಹೊರೆಯೂ ಹೆಚ್ಚುತ್ತದೆ. ನಾನು ಇದನ್ನು ಯಾರಿಗೂ ಸಲಹೆ ಮಾಡುವುದಿಲ್ಲ.

ಕಣ್ಣಿಗೆ ಕಾಣದ ಬದಲಾವಣೆ ಗೇರಿನಲ್ಲಿ ಆಗುತ್ತದೆ. ವ್ಯಾಸ ಶೇ. 5.7ರಷ್ಟು ಹೆಚ್ಚಿದರೆ ಎಲ್ಲ ಗೇರುಗಳೂ ಅಷ್ಟೇ ಪ್ರಮಾಣದಲ್ಲಿ ಮೇಲಿನ ಗೇರಿನಂತಾಗುತ್ತವೆ. ಮೊದಲ ಗೇರು 4.0, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್ಲುಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಲೋ, ಅಂದರೆ ನಿಧಾನದ ಗೇರು, 2.5, ಡಿಫರೆನ್ಷಿಯಲ್ 4.1 ಇರುವ ಗಾಡಿಯಲ್ಲಿ ಒಟ್ಟು ಅನುಪಾತ 41 ಆಗುತ್ತದೆ. ಮೇಲೆ ಹೇಳಿದ ದೊಡ್ಡ ಟೈರು ಹಾಕಿದಾಗ ಅದು 39ರ ಸಮೀಪಕ್ಕೆ ಇಳಿದಂತೆ. ಇಷ್ಟು ವ್ಯತ್ಯಾಸ ಸಹಿಸಬಹುದಾದದ್ದು. ಆದರೆ 33 ಇಂಚಿನ ಟೈರಿಗೆ ಹಾರಿದರೆ ಅನುಪಾತ 36ಕ್ಕೆ ಬರುತ್ತದೆ, ಮತ್ತು ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಎಂಜಿನ್ನಿನ ಹಿಡಿತದಲ್ಲಿಯೇ ಇಳಿಯುವಾಗ ಗಾಡಿ ನೀವು ಬಯಸಿದ್ದಕ್ಕಿಂತ ವೇಗವಾಗಿ ಸಾಗುತ್ತದೆ. ಏರಿನಲ್ಲಿ ಕ್ಲಚ್ ಹೆಚ್ಚು ಹೊತ್ತು ಜಾರಬೇಕಾಗುತ್ತದೆ. ಇದನ್ನು ಸರಿಪಡಿಸಬೇಕಾದರೆ ಮುಂದಿನ, ಹಿಂದಿನ ಎರಡೂ ಡಿಫರೆನ್ಷಿಯಲ್ಲುಗಳ ಹಲ್ಲುಗಾಲಿಗಳನ್ನು ಒಂದೇ ಅನುಪಾತಕ್ಕೆ ಬದಲಿಸಬೇಕು.

ಬ್ರೇಕಿನ ಮಾತೂ ಹೀಗೆಯೇ. ಪೆಡಲನ್ನು ಅಷ್ಟೇ ಬಲದಿಂದ ಒತ್ತಿದರೂ ನೆಲದ ಮೇಲೆ ಸಿಗುವ ತಡೆ ವ್ಯಾಸ ಹೆಚ್ಚಿದಷ್ಟು ಕಡಿಮೆಯಾಗುತ್ತದೆ. ಅದರ ಜೊತೆಗೆ ಮಡ್ ಟೆರೇನ್ (ಕೆಸರಿಗೆಂದೇ ಮಾಡಿದ) ಟೈರಿನ ಹೆಚ್ಚಿನ ತೂಕ ಚಕ್ರದ ಹೊರ ಅಂಚಿನಲ್ಲಿರುವುದರಿಂದ, ಅದನ್ನು ತಿರುಗಿಸುವುದಕ್ಕೂ ನಿಲ್ಲಿಸುವುದಕ್ಕೂ ಹೆಚ್ಚು ಶ್ರಮ ಬೇಕು. ಹೊಸ ಟೈರಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರಬಲ್ಲದೆಂದು ಸೂಚಿಸುವ ಸಂಖ್ಯೆ) ಕಂಪನಿ ಹಾಕಿಕೊಟ್ಟ ಟೈರಿನದಕ್ಕಿಂತ ಕಡಿಮೆ ಇರಲೇಬಾರದು; 112 ಎಂದಿದ್ದರೆ ಒಂದು ಟೈರು 1120 ಕೆ.ಜಿ. ಹೊರುತ್ತದೆ, 100 ಎಂದಿದ್ದರೆ 800 ಕೆ.ಜಿ. ಮಾತ್ರ.

ಸ್ಪೀಡೋಮೀಟರ್ ಕಡಿಮೆ ತೋರಿಸತೊಡಗುತ್ತದೆ. ಮೊದಲು ನಿಖರವಾಗಿ ತೋರಿಸುತ್ತಿದ್ದ ಮೀಟರಾದರೆ, ಮುಳ್ಳು 100ರಲ್ಲಿರುವಾಗ ಗಾಡಿ ಸುಮಾರು 106 ಕಿ.ಮೀ. ವೇಗದಲ್ಲಿರುತ್ತದೆ. ಓಡಿದ ದೂರವೂ ಕಡಿಮೆ ದಾಖಲಾಗುವುದರಿಂದ ಮೈಲೇಜ್ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಮೈಲೇಜ್ ನಿಜವಾಗಿಯೂ ಕುಸಿದಿದೆಯೇ ಎಂದು ತಿಳಿಯಬೇಕಾದರೆ ಮೊದಲು ಈ ಲೆಕ್ಕ ಸರಿಪಡಿಸಿಕೊಳ್ಳಬೇಕು.

ಇಷ್ಟನ್ನೆಲ್ಲ ಹೇಳಿದ ಮೇಲೆ ನನ್ನ ಉತ್ತರ: ವ್ಯಾಸದಲ್ಲಿ ಒಂದು ಇಂಚು, ಹೆಚ್ಚೆಂದರೆ ಒಂದೂವರೆ ಇಂಚು, ಅದೂ ಅಗಲವನ್ನು ಆದಷ್ಟು ಹೆಚ್ಚಿಸದೆ, ರ್‍ಯಾಂಪಿನ ಪರೀಕ್ಷೆಯಲ್ಲಿ ಪಾಸಾದರೆ, ನಿಮ್ಮಲ್ಲಿನ ವಾಹನ ನಿಯಮ ಮತ್ತು ವಿಮೆಯ ಷರತ್ತು ಒಪ್ಪಿದರೆ ಹಾಕಿಸಿ. ಅದಕ್ಕಿಂತ ದೊಡ್ಡದು ಬೇಕೆಂದರೆ ಲಿಫ್ಟ್, ಗೇರು, ಬ್ರೇಕು, ಸ್ಟೀರಿಂಗ್ ಎಲ್ಲವನ್ನೂ ಒಟ್ಟಿಗೆ ಯೋಚಿಸಬೇಕು. ಲಿಫ್ಟ್ ಆದ ಗಾಡಿಯ ಗುರುತ್ವ ಕೇಂದ್ರ ಮೇಲೇರುತ್ತದೆ, ಪ್ರತಿ ಚಕ್ರವೂ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುವ ಸ್ವತಂತ್ರ ಸಸ್ಪೆನ್ಶನ್ ಇದ್ದರೆ ಡ್ರೈವ್ ಶಾಫ್ಟಿನ ಕೀಲುಗಳು ಹೆಚ್ಚು ಬಾಗಿ ಬೇಗ ಸವೆಯುತ್ತವೆ. ಇದು ವಾರಾಂತ್ಯದ ಓಡಾಟಕ್ಕೆ ಕೊಡಬೇಕಾದ ಬೆಲೆಯಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಹಾಕಿಸುವುದೆಂದು ತೀರ್ಮಾನಿಸಿದರೆ ನಾಲ್ಕಲ್ಲ, ಐದು ಟೈರು ಕೊಳ್ಳಿ. ಹಳೆಯ ಅಳತೆಯ ಸ್ಟೆಪ್ನಿಯನ್ನು ಒಂದು ಮೂಲೆಗೆ ಹಾಕಿ ಫೋರ್ ವೀಲ್ ಡ್ರೈವ್ ತೊಡಗಿಸಿದರೆ, ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳು ಬೇರೆಬೇರೆ ವೇಗದಲ್ಲಿ ತಿರುಗಲು ಹೆಣಗುತ್ತವೆ, ಆ ಜಗ್ಗಾಟವನ್ನು ಟ್ರಾನ್ಸ್‌ಫರ್ ಕೇಸ್ ಸಹಿಸಬೇಕಾಗುತ್ತದೆ. ಐದನೆಯ ಟೈರು ಸ್ಟೆಪ್ನಿಯ ಜಾಗದಲ್ಲಿ ಹಿಡಿಸುತ್ತದೆಯೇ, ಹಿಂಬಾಗಿಲಿಗೆ ತೂಗುಹಾಕುವುದಾದರೆ ಬಾಗಿಲಿನ ಕೀಲು ಆ ತೂಕವನ್ನು ತಡೆಯುತ್ತದೆಯೇ ಎಂಬುದನ್ನು ಹಣ ಕೊಡುವ ಮುನ್ನವೇ ಅಳೆದು ನೋಡಿಕೊಳ್ಳಿ. ಟೈರು ಹಾಕಿಸಿ ಮೊದಲ 50ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿದು, ಆರ್ಚಿನ ಒಳಗೆ ಹೊಸ ಉಜ್ಜಿನ ಗುರುತುಗಳಿವೆಯೇ ಎಂದು ಪರೀಕ್ಷಿಸಿ.