ಎಸ್‌ಪಿಆರ್ ಉಪಕರಣ: ಮೊದಲು ಗಾಜು, ಆಮೇಲೆ ಲೇಸರ್

ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್ (ಎಸ್‌ಪಿಆರ್), ಅಂದರೆ ತೆಳು ಚಿನ್ನದಿಂದ ಪ್ರತಿಫಲಿಸುವ ಬೆಳಕು ಯಾವ ಕೋನದಲ್ಲಿ ತಗ್ಗುತ್ತದೆ ಎಂಬುದರಿಂದ ದ್ರವದ ವಕ್ರೀಭವನಾಂಕದ ಬದಲಾವಣೆ ಅಳೆಯುವ ಉಪಕರಣ ಕಟ್ಟಲು ಹೊರಟವರು ಮೊದಲು ಲೇಸರ್ ಹುಡುಕುತ್ತಾರೆ. ಮೊದಲು ತೀರ್ಮಾನವಾಗಬೇಕಾದ್ದು ಪ್ರಿಸಂ ಯಾವ ಗಾಜಿನದು ಎಂಬುದು. ಕೋನಗಳೆಲ್ಲ ಅದನ್ನೇ ಅವಲಂಬಿಸಿವೆ.

ಕ್ರೆಚ್‌ಮನ್ ಜೋಡಣೆಯಲ್ಲಿ ಪ್ರಿಸಂ ಮೇಲೆ ಸುಮಾರು 50 ನ್ಯಾನೊಮೀಟರ್ ಚಿನ್ನ, ಅದರಾಚೆ ನೀರು. ಚಿನ್ನ ಹಿಡಿದು ನಿಲ್ಲಲು ಕೆಳಗೆ 2–3 ನ್ಯಾನೊಮೀಟರ್ ಕ್ರೋಮಿಯಂ ಸಾಕು. ಹೆಚ್ಚಾದರೆ ಪ್ರತಿಫಲನದ ತಗ್ಗು ಅಗಲವಾಗುತ್ತದೆ. 633 ನ್ಯಾನೊಮೀಟರ್ ಬೆಳಕಿಗೆ ಬಿಕೆ7 ಎಂಬ ಸಾಮಾನ್ಯ ದೃಗ್ಗಾಜಿನಲ್ಲಿ ತಗ್ಗು ಬೀಳುವುದು 73 ಡಿಗ್ರಿ ಆಸುಪಾಸಿನಲ್ಲಿ. ಅಷ್ಟು ಓರೆಯಾದಾಗ 1 ಮಿ.ಮೀ. ಕಿರಣ ಚಿನ್ನದ ಮೇಲೆ 3.4 ಮಿ.ಮೀ. ಉದ್ದಕ್ಕೆ ಚಾಚಿಕೊಳ್ಳುತ್ತದೆ. ದ್ರವ ಹರಿಯುವ ಕಾಲುವೆ ಅದಕ್ಕಿಂತ ಕಿರಿದಿದ್ದರೆ ಹೊರಗೆ ಬಿದ್ದ ಬೆಳಕೂ ಸೇರಿ ತಗ್ಗು ಆಳ ಕಳೆದುಕೊಳ್ಳುತ್ತದೆ. ವಕ್ರೀಭವನಾಂಕ ಹೆಚ್ಚಿರುವ ಎಸ್‌ಎಫ್10 ಗಾಜಿನಲ್ಲಿ ಅದೇ ತಗ್ಗು 57 ಡಿಗ್ರಿಗೆ ಇಳಿಯುತ್ತದೆ. 60 ಡಿಗ್ರಿ ಪ್ರಿಸಂ ಇದ್ದರೆ ಕಿರಣ ಮುಖಕ್ಕೆ ಬಹುತೇಕ ಲಂಬವಾಗಿ ಒಳಹೋಗುತ್ತದೆ.

ದ್ರವದ ವಕ್ರೀಭವನಾಂಕ 0.001 ಬದಲಾದರೆ ಬಿಕೆ7ನಲ್ಲಿ ತಗ್ಗು ಸುಮಾರು 0.165 ಡಿಗ್ರಿ ಸರಿಯುತ್ತದೆ, ಎಸ್‌ಎಫ್10ನಲ್ಲಿ 0.08 ಮಾತ್ರ. ಇದನ್ನು ನೋಡಿ ಬಿಕೆ7 ಎರಡು ಪಟ್ಟು ಸೂಕ್ಷ್ಮ ಎನ್ನುವವರಿದ್ದಾರೆ. ಲೆಕ್ಕ ಸರಿ, ತೀರ್ಮಾನ ತಪ್ಪು: ತಗ್ಗಿನ ಅಗಲವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ.

ನಿಜವಾದ ವ್ಯತ್ಯಾಸ ಎಣ್ಣೆಯದು: ಚಿನ್ನವನ್ನು ಗಾಜಿನ ಸ್ಲೈಡಿಗೆ ಲೇಪಿಸಿ ಪ್ರಿಸಂ ಮೇಲಿಟ್ಟಾಗ ನಡುವಿನ ಗಾಳಿ ಹೋಗಲಾಡಿಸಲು ಹಚ್ಚುವ ಎಣ್ಣೆ. ಬಿಕೆ7ಗೆ 1.515 ವಕ್ರೀಭವನಾಂಕದ ಇಮ್ಮರ್ಶನ್ ಎಣ್ಣೆ ಸಾಕು. ಅದನ್ನೇ ಎಸ್‌ಎಫ್10 ಪ್ರಿಸಂಗೆ ಹಚ್ಚಿದರೂ ಬೆಳಕು ದಾಟುತ್ತದೆ ನಿಜ, ಆದರೆ ಆ ಮೇರೆಯಲ್ಲೇ ಶೇ. 5–6 ಹಿಂದಿರುಗಿ ಮುಖ್ಯ ಕಿರಣದೊಂದಿಗೆ ವ್ಯತಿಕರಣಗೊಳ್ಳುತ್ತದೆ. ಲೇಸರ್ ಆದರೆ ತಗ್ಗಿನ ತುಂಬ ಪಟ್ಟೆಗಳು. ಹಾಗಾಗಿ ಮೊದಲ ಉಪಕರಣಕ್ಕೆ ಬಿಕೆ7, ಜೊತೆಗೆ ಎಲ್‌ಇಡಿ ಮತ್ತು 10 ನ್ಯಾನೊಮೀಟರ್ ಫಿಲ್ಟರ್ ಒಳ್ಳೆಯದು. ಸುಸಂಬದ್ಧ ಉದ್ದ (ಬೆಳಕಿನ ಅಲೆಗಳು ಹೆಜ್ಜೆ ತಪ್ಪದೆ ಸಾಗುವ ದೂರ) 40 ಮೈಕ್ರೋಮೀಟರ್‌ಗೆ ಇಳಿಯುವುದರಿಂದ 1 ಮಿ.ಮೀ. ಸ್ಲೈಡಿನ ಪಟ್ಟೆಗಳು ಮಾಯವಾಗುತ್ತವೆ.

ಕೋನ ಬದಲಿಸಲು ತಿರುಗುವ ಭಾಗ ಬೇಡವೆಂದರೆ ಸಿಲಿಂಡ್ರಿಕಲ್ ಲೆನ್ಸ್‌ನಿಂದ ಬೆಳಕನ್ನು ಅರ್ಧ ಸಿಲಿಂಡರಿನ ಮೂಲಕ ಚಿನ್ನದ ಮೇಲೆ ಗೆರೆಯಾಗಿ ಕೂಡಿಸಿ, ಬೀಸಣಿಗೆಯಂತೆ ಹರಡುವ ಪ್ರತಿಫಲನವನ್ನು ಲೀನಿಯರ್ ಸಿಸಿಡಿಗೆ (ಒಂದೇ ಸಾಲಿನ ಪಿಕ್ಸೆಲ್‌ಗಳ ಬೆಳಕು-ಸಂವೇದಕ) ಬಿಡಿ. 10 ಡಿಗ್ರಿ ಬೀಸಣಿಗೆ 100 ಮಿ.ಮೀ. ದೂರದಲ್ಲಿ 17.5 ಮಿ.ಮೀ. ಅಗಲವಾಗುತ್ತದೆ, 14 ಮೈಕ್ರೋಮೀಟರ್ ಪಿಕ್ಸೆಲ್ ಒಂದಕ್ಕೆ 0.008 ಡಿಗ್ರಿ. ವಕ್ರೀಭವನಾಂಕದಲ್ಲಿ 0.000001ರ ಬದಲಾವಣೆ ಬಿಕೆ7ನಲ್ಲಿ ಕಾಣಲು ಪಿಕ್ಸೆಲ್ಲಿನ ಐವತ್ತನೇ ಒಂದು ಭಾಗ ಗುರುತಿಸಬೇಕು. ಅದಕ್ಕೇ ಕನಿಷ್ಠ ಬಿಂದು ಹುಡುಕಬೇಡಿ, ತಗ್ಗಿನ ತಳಭಾಗಕ್ಕೆ ವಕ್ರರೇಖೆ ಹೊಂದಿಸಿ. ಪೋಲರೈಸರ್ ತಿರುಗಿಸಿ ತಗ್ಗೇ ಬೀಳದ ಎಸ್-ಧ್ರುವೀಕರಣದಲ್ಲೂ ಒಮ್ಮೆ ದಾಖಲಿಸಿ ಭಾಗಿಸಿದರೆ ಧೂಳಿನ ನೆರಳು ಬಹುಮಟ್ಟಿಗೆ ತೊಲಗುತ್ತದೆ.

ಇಷ್ಟಾದರೂ ತಗ್ಗಿನ ಜಾಗ ಅಲೆಯುತ್ತಿದ್ದರೆ ಬೆಳಕಿನ ದಾರಿಯನ್ನು ಬಿಟ್ಟು ತಾಪಮಾನ ನೋಡಿ: ನೀರಿನ ವಕ್ರೀಭವನಾಂಕ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.0001 ಇಳಿಯುತ್ತದೆ. ಎಲ್‌ಇಡಿಯ ಹೀಟ್‌ಸಿಂಕ್ ಪ್ರಿಸಂ ಹಿಡಿಕೆಗೆ ತಾಗದಂತೆ ಇರಿಸಿ.