ನಜಾರೆಯಲ್ಲಿ ರುದ್ರೇಶ ನೋಡಿದ್ದು ಅಲೆಯನ್ನಲ್ಲ

30 ನವೆಂಬರ್ 2025, ಭಾನುವಾರ
ದಾವಣಗೆರೆ

ಊರಿಗೆ ಬಂದಾಗಿನಿಂದ ಸಿಕ್ಕವರೆಲ್ಲ ಕೇಳೋದು ಒಂದೇ, ಆ ದೊಡ್ಡ ಅಲೆ ಮೇಲೆ ನೀವೂ ಹತ್ತಿದ್ರಾ ಅಂತ. ಇಲ್ಲಪ್ಪಾ. ಪೋರ್ಚುಗಲ್ ದೇಶದ ನಜಾರೆ ಅನ್ನೋ ಊರಿನ ಉತ್ತರದ ಬೀಚಿನಲ್ಲಿ ಅಲೆ ಎದ್ದ ದಿನ ನಮ್ಮಂಥವರು ಮೊಣಕಾಲು ನೀರಿಗೂ ಇಳಿಯೋ ಹಾಗಿಲ್ಲ. ನಾವು ಹೋಗಿದ್ದು ನೋಡೋಕೆ. ಸರ್ಫಿಂಗ್ ಹಲಗೆ ಮೇಲೆ ನಿಲ್ಲೋ ಚಪಲವೂ ಇತ್ತು, ಅದನ್ನು ಬೇರೆ ಕಡೆ ತೀರಿಸಿಕೊಂಡೆವು.

ಹೋಗಿದ್ದು ನಾನು ಮತ್ತು ಪಿ.ಬಿ. ರಸ್ತೆಯಲ್ಲಿ ಬೈಕ್ ಗ್ಯಾರೇಜ್ ಇಟ್ಟಿರೋ ರುದ್ರೇಶ. ಅಲ್ಲಿ ಜೊತೆಯಾದವನು ಲಿಸ್ಬನ್‌ನಲ್ಲಿ ಕೆಲಸಕ್ಕಿರೋ ನಮ್ಮ ಕ್ಲಾಸ್‌ಮೇಟ್ ಶಿವು. ಉಳಿಯೋಕೆ ಅವನ ಮನೆ ಇತ್ತು ಅಂತ ಈ ಪ್ರವಾಸ ಆಯ್ತು, ಇಲ್ಲದಿದ್ರೆ ನಮ್ಮ ಬಜೆಟ್ಟು ಗೋವಾ ದಾಟ್ತಿರಲಿಲ್ಲ. ಲಿಸ್ಬನ್‌ನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್, ಬಸ್ಸಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ.

ಅಲ್ಲಿ ಅಲೆ ನಮ್ಮ ರಜೆ ನೋಡಿಕೊಂಡು ಬರಲ್ಲ. ಸೀಸನ್ ಅಂದ್ರೆ ಅಕ್ಟೋಬರಿನಿಂದ ಮಾರ್ಚ್. ಅದರಲ್ಲೂ ಅಟ್ಲಾಂಟಿಕ್‌ನಲ್ಲಿ ಎಲ್ಲೋ ದೂರ ಬಿರುಗಾಳಿ ಎದ್ದಿರಬೇಕು. ಶಿವು ಮೊಬೈಲಿನಲ್ಲಿ ಮುನ್ಸೂಚನೆ ನೋಡ್ತಾ ಕೂರೋನು. ಎತ್ತರ ಒಂದೇ ನೋಡಿದ್ರೆ ಸಾಲದು, ಒಂದು ಅಲೆಗೂ ಮುಂದಿನ ಅಲೆಗೂ ನಡುವೆ ಎಷ್ಟು ಸೆಕೆಂಡ್ ಅನ್ನೋದೇ ಮುಖ್ಯ ಅಂತೆ. ಅದು 15 ದಾಟಿದ್ರೆ ದೂರದಿಂದ ಬರ್ತಿರೋ ಗಟ್ಟಿ ಅಲೆ ಅಂತ ಅರ್ಥ.

ಆ ಸಂಖ್ಯೆ ಏರೋವರೆಗೆ ಊರು ಸುತ್ತಿದೆವು. ಕೆಳಗೆ ಮೀನುಗಾರರ ಊರು, ಮೇಲೆ ಬಂಡೆಯ ನೆತ್ತಿಯಲ್ಲಿ ಸೀಟಿಯು ಅನ್ನೋ ಹಳೇ ಕೇರಿ. ಎರಡಕ್ಕೂ ನಡುವೆ ಇಳಿಜಾರಿನಲ್ಲಿ ಹಳಿ ಮೇಲೆ ಹತ್ತಿ ಇಳಿಯೋ ಸಣ್ಣ ರೈಲು, 1889ರಲ್ಲಿ ಶುರುವಾಗಿದ್ದು. ಬೀಚಿನ ಮೇಲೆ ಹೆಂಗಸರು ಮೀನು ಸೀಳಿ ಬಲೆ ಹಾಸಿದ ಚೌಕಟ್ಟಿನ ಮೇಲೆ ಒಣಗಿಸ್ತಾರೆ. ಅಲ್ಲಿನ ಅಜ್ಜಿಯರು ಒಂದರ ಮೇಲೊಂದು ಏಳು ಲಂಗ ಉಡೋ ಪದ್ಧತಿ ಇದೆ. ನಾನು, ಶಿವು ಮೀನು ಮುಟ್ಟೋರಲ್ಲ. ಹಾಗಾಗಿ ಬ್ರೆಡ್ಡು, ಚೀಸು, ಮನೆಯಿಂದ ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ರುದ್ರೇಶ ಮಾತ್ರ ಒಣಮೀನು ತಿಂದು ಚಟ್ನಿಪುಡಿಯಲ್ಲೂ ಪಾಲು ಕೇಳಿದ.

ಮಧ್ಯೆ ಒಂದು ದಿನ ದಕ್ಷಿಣಕ್ಕೆ, ಪೆನಿಶೆ ಪಕ್ಕದ ಬಾಲೆಯಾಲ್ ಬೀಚಿಗೆ ಹೋಗಿ ಸರ್ಫಿಂಗ್ ಪಾಠ ಹೇಳಿಸಿಕೊಂಡೆವು. ಸೊಂಟದೆತ್ತರದ ಅಲೆ, ಮೆತ್ತನೆ ಫೋಮ್ ಹಲಗೆ, ಮೈಗೆ ಅಂಟೋ ರಬ್ಬರ್ ಸೂಟು. ಆ ಸೂಟು ಹಾಕಿಕೊಳ್ಳೋದೇ ಅರ್ಧ ವ್ಯಾಯಾಮ. ಮೊದಲು ಮರಳಿನ ಮೇಲೆ ಬೋರಲು ಮಲಗಿಸಿ, ಎದ್ದು ನಿಲ್ಲೋದನ್ನು ಕಲಿಸಿದ್ರು. ನೀರಿನಲ್ಲಿ ಶಿವು ಚೆನ್ನಾಗಿ ನಿಂತ. ನಾನು ಉಪ್ಪುನೀರು ಕುಡಿದೆ. ಅಷ್ಟೇ.

ಕೊನೆಗೂ ಒಂದು ಬೆಳಿಗ್ಗೆ ಶಿವು ಎಬ್ಬಿಸಿದ, "ಏಳ್ರಲೇ, ಇವತ್ತು ಐತಿ."

ಸೀಟಿಯುವಿನಿಂದ ಕೋಟೆ ಕಡೆ ಇಳಿಯೋ ದಾರಿಯಲ್ಲೇ ಸದ್ದು ಶುರು. ಕಿವಿಗಿಂತ ಮೊದಲು ಎದೆಗೆ ತಾಗುತ್ತೆ. ಬಂಡೆಯ ತುದಿಯಲ್ಲಿ ಸಾವೊ ಮಿಗೆಲ್ ಕೋಟೆ, ಅದರ ಮೇಲೆ ಕೆಂಪು ದೀಪಸ್ತಂಭ. ಎಲ್ಲ ಫೋಟೋದಲ್ಲೂ ಅಲೆ ಮುಂದೆ ಪುಟ್ಟದಾಗಿ ಕಾಣೋದು ಅದೇ. ನಾವು ಹೋದ ದಿನ ಅಲೆಗಳು ಮೂರ್ನಾಲ್ಕು ಮಹಡಿ ಎತ್ತರ ಇದ್ದವು, ಅಲ್ಲಿನವರಿಗೆ ಅದು ಸಾಧಾರಣ. ನನಗೆ ಬಾಯಿ ಒಣಗಿತು. ರುದ್ರೇಶ ತಂದಿದ್ದ ನರ್ಗಿಸ್ ಮಂಡಕ್ಕಿ ಪೊಟ್ಟಣ ಬಿಚ್ಚಿದ, ಒಂದು ಗಾಳಿಗೆ ಅರ್ಧ ಮಂಡಕ್ಕಿ ಪೋರ್ಚುಗಲ್ ಪಾಲು.

ಅಲೆ ಇಷ್ಟೆತ್ತರ ಆಗೋದಕ್ಕೆ ಕಾರಣ ಸಮುದ್ರದ ತಳದಲ್ಲಿರೋ ಕಣಿವೆ. 200 ಕಿಲೋಮೀಟರಿಗಿಂತ ಉದ್ದ, ಆಳ ಕೆಲವು ಕಡೆ 5,000 ಮೀಟರ್ ಹತ್ತಿರ, ಅದರ ತುದಿ ಊರಿನ ದಡದ ಹತ್ತಿರಕ್ಕೇ ಬಂದಿದೆ. ಆಳದಲ್ಲಿ ಅಲೆ ಜೋರಾಗಿ ಓಡುತ್ತೆ, ಆಳ ಕಡಿಮೆ ಇದ್ದಲ್ಲಿ ನಿಧಾನ ಆಗುತ್ತೆ. ಹಾಗಾಗಿ ಕಣಿವೆ ಮೇಲೆ ಬಂದ ಭಾಗ ಮುಂದೆ ಹೋಗಿ, ತಿರುಗಿ, ಪಕ್ಕದಲ್ಲಿ ನಿಧಾನವಾಗಿ ಬರ್ತಿರೋ ಭಾಗವನ್ನು ಕೂಡುತ್ತೆ. ಎರಡರ ಎತ್ತರವೂ ಸೇರಿ ಒಂದೇ ಅಲೆ. ಅದೇ ಬಂಡೆಯ ಆಚೆ ದಕ್ಷಿಣದ ಬೀಚಿನಲ್ಲಿ ಇದರ ಅಬ್ಬರ ಎಷ್ಟೋ ಕಮ್ಮಿ.

ಇದನ್ನು ಜಗತ್ತಿಗೆ ತೋರಿಸಿದವನು ಹವಾಯಿಯ ಸರ್ಫರ್ ಗ್ಯಾರೆಟ್ ಮೆಕ್‌ನಮಾರಾ, 2011ರಲ್ಲಿ 78 ಅಡಿ ಅಲೆ. ಈಗಿನ ಗಿನ್ನೆಸ್ ದಾಖಲೆ ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಟ್‌ನರ್‌ದು, 2020ರ ಅಕ್ಟೋಬರ್ 29ರಂದು 86 ಅಡಿ. ಆ ಅಳತೆ ಒಪ್ಪಿ ಮುದ್ರೆ ಒತ್ತೋಕೆ 2022ರ ಮೇ ತಿಂಗಳಾಯ್ತು.

ಇದೆಲ್ಲ ರುದ್ರೇಶನಿಗೆ ಬೇಡ. ಅವನ ಕಣ್ಣು ನೀರಿನ ಮೇಲೆ ಬೈಕಿನ ಹಾಗೆ ಓಡೋ ಜೆಟ್ ಸ್ಕಿ ಮೇಲೆ. ಅಷ್ಟು ದೊಡ್ಡ ಅಲೆ ಎಷ್ಟು ವೇಗದಲ್ಲಿ ಬರುತ್ತೆ ಅಂದ್ರೆ ಕೈಯಲ್ಲಿ ನೀರು ಹೊಡ್ಕೊಂಡು ಅದನ್ನು ಹಿಡಿಯೋಕಾಗಲ್ಲ, ಹಗ್ಗ ಕಟ್ಟಿ ಎಳೆದು ಅಲೆ ಮೇಲೆ ಬಿಡಬೇಕು. ಬಿಟ್ಟ ಮೇಲೆ ಓಡಿಸೋನ ಕೆಲಸ ಮುಗಿಯಲ್ಲ. ಸರ್ಫರ್ ಬಿದ್ದರೆ, ಮುಂದಿನ ಅಲೆ ಬರೋದ್ರೊಳಗೆ, ಅಂದ್ರೆ ಕೆಲವೇ ಸೆಕೆಂಡಿನಲ್ಲಿ, ನೊರೆಯೊಳಗೆ ನುಗ್ಗಿ, ಹಿಂದೆ ಕಟ್ಟಿರೋ ಹಾಸಿನ ಮೇಲೆ ಅವನನ್ನು ಎಳೆದು ಹಾಕಿಕೊಂಡು ಆಚೆ ಬರಬೇಕು. ನೀರಿನಲ್ಲಿ ಇರೋನಿಗೆ ಹಿಂದಿನಿಂದ ಬರ್ತಿರೋ ಅಲೆ ಕಾಣಲ್ಲ. ಅದಕ್ಕೇ ದೀಪಸ್ತಂಭದ ಹತ್ತಿರ ಒಬ್ಬ ವಾಕಿಟಾಕಿ ಹಿಡಿದು ನಿಂತಿದ್ದ. ಕಣ್ಣು ಸಮುದ್ರದಿಂದ ಕೀಳದೆ ಒಂದೊಂದೇ ಮಾತು ಹೇಳ್ತಿದ್ದ. ನಮ್ಮ ಪಕ್ಕ ಜನ ಕಿರುಚಿದ್ರೂ ಅವನು ತಿರುಗಲಿಲ್ಲ.

ಒಂದು ಸಲ ಸ್ಕಿ ನೊರೆ ಮಧ್ಯೆ ಸಿಕ್ಕಿಕೊಂಡಿತು. ಇಂಜಿನ್ ಚೀರ್ತಿದೆ, ಗಾಡಿ ಮುಂದೆ ಹೋಗ್ತಿಲ್ಲ. "ನೋಡಲೇ, ಪಂಪು ಗಾಳಿ ಎಳಿತೈತಿ, ನಮ್ ಬೋರ್‌ವೆಲ್ ಎಳದಂಗ" ಅಂದ ರುದ್ರೇಶ. ನಿಜ. ಅದಕ್ಕೆ ಹೊರಗೆ ತಿರುಗೋ ಫ್ಯಾನ್ ಇಲ್ಲ, ಒಳಗಿನ ಪಂಪು ಕೆಳಗಿಂದ ನೀರು ಹೀರಿ ಹಿಂದಕ್ಕೆ ಉಗುಳಬೇಕು. ನೊರೆಯಲ್ಲಿ ಅರ್ಧ ಗಾಳಿಯೇ ಇದ್ದರೆ ಏನನ್ನು ಉಗುಳುತ್ತೆ? ಮುಂದಿನ ಅಲೆ ಬರೋ ಹೊತ್ತಿಗೆ ಹೇಗೋ ಹಿಡಿತ ಸಿಕ್ಕಿ ಆಚೆ ಬಂತು. ನನ್ನ ತೋಳು ಹಿಡಿದಿದ್ದ ರುದ್ರೇಶ ಆಗ ಬಿಟ್ಟ.

2013ರಲ್ಲಿ ಇದೇ ನೀರಿನಲ್ಲಿ ಬ್ರೆಜಿಲ್‌ನ ಸರ್ಫರ್ ಮಾಯಾ ಗಬೇರಾ ಪ್ರಜ್ಞೆ ತಪ್ಪಿ ಮುಳುಗುತ್ತಿದ್ದಳು. ಅವಳ ಜೊತೆಗಾರ ಕಾರ್ಲೋಸ್ ಬುರ್ಲೆ ದಡಕ್ಕೆ ಎಳೆದು ತಂದ, ಎದೆ ಒತ್ತಿ ಉಸಿರು ಮರಳಿಸಿದ್ರು. 2020ರ ಫೆಬ್ರವರಿಯಲ್ಲಿ ಅವಳು ಇಲ್ಲೇ 73.5 ಅಡಿ ಅಲೆ ಇಳಿದು ಮಹಿಳೆಯರ ದಾಖಲೆ ಮಾಡಿದಳು. ಪೋಸ್ಟರಿನಲ್ಲಿ ಯಾವತ್ತೂ ಹಲಗೆ ಮೇಲಿನವರೇ ಇರ್ತಾರೆ. ಎಳೆದು ಬಿಟ್ಟವನು, ಎತ್ತಿ ತಂದವನು ಫೋಟೋದ ಅಂಚಿನಲ್ಲಿ ಬಿಳಿ ಗೀಟು. ನನಗಂತೂ ಇದು ಸರಿ ಅನ್ನಿಸಲ್ಲ.

ಹೋಗೋರಿಗೆ ಎರಡು ಮಾತು. ವಾಪಸ್ ಟಿಕೆಟ್ ತಾರೀಕು ಸ್ವಲ್ಪ ಸಡಿಲ ಇಟ್ಕೊಳ್ಳಿ. ಬಂಡೆ ಮೇಲೆ ನಿಂತು ನೋಡೋಕೆ ದುಡ್ಡಿಲ್ಲ, ಕೋಟೆ ಒಳಗೆ ಸಣ್ಣ ಟಿಕೆಟ್ ಇದೆ, ಸರ್ಫರ್‌ಗಳ ಹಲಗೆಗಳನ್ನು ಅಲ್ಲೇ ಇಟ್ಟಿದ್ದಾರೆ.

ರುದ್ರೇಶ ಈಗ ಮಲ್ಪೆಗೆ ಹೋಗೋಣ ಅಂತಿದ್ದಾನೆ. ಅಲ್ಲಿ ಜೆಟ್ ಸ್ಕಿ ಓಡಿಸೋರನ್ನು ಹೇಗಾದ್ರೂ ಒಪ್ಪಿಸಿ ಆ ಪಂಪು ಬಿಚ್ಚಿ ನೋಡಬೇಕಂತೆ. ಬರ್ತೀನಿ, ಡೀಸೆಲ್ ನಿಂದೇ ಅಂದಿದ್ದೀನಿ. ಇನ್ನೂ ಉತ್ತರ ಬಂದಿಲ್ಲ.