ಇಂಡಿಯನ್ ಅನ್ನೋದು ನಾಮಪದವೋ ಗುಣವಾಚಕವೋ: ಟ್ಯಾಗರ್, ನಾಲ್ಕನೇ ಸುತ್ತು

ಇಂಗ್ಲಿಷ್ ವಾಕ್ಯದ ಪ್ರತಿ ಪದಕ್ಕೂ ಅದು ನಾಮಪದವೋ ಗುಣವಾಚಕವೋ ಅಂತ ಗುರುತು (ಟ್ಯಾಗ್) ಹಾಕುವ ಪ್ರೋಗ್ರಾಮೇ ಟ್ಯಾಗರ್. ಅದರಲ್ಲಿ ಕಡೆಗೂ ‘ಇಂಡಿಯನ್’ ಹಿಡಿತಕ್ಕೆ ಸಿಕ್ಕಿತು! ವಾಕ್ಯ ಒಡೆಯೋದು, ಪದ ಬಿಡಿಸೋದು ಎಲ್ಲರಿಗೂ ಗೊತ್ತಿರೋ ಕೆಲಸ, ಅದು ಬೇಡ. ಟ್ಯಾಗುಗಳು ಪೆನ್ ಟ್ರೀಬ್ಯಾಂಕ್ ಅನ್ನೋ, ವ್ಯಾಕರಣದ ಗುರುತು ಹಾಕಿಟ್ಟ ಇಂಗ್ಲಿಷ್ ವಾಕ್ಯಸಂಗ್ರಹದವೇ: ರೂಢನಾಮಕ್ಕೆ ಎನ್‌ಎನ್, ಅಂಕಿತನಾಮಕ್ಕೆ ಎನ್‌ಎನ್‌ಪಿ, ಗುಣವಾಚಕಕ್ಕೆ ಜೆಜೆ.

ಹಳೆಯ ರೂಲ್ ಇಷ್ಟೇ: ವಾಕ್ಯದ ನಡುವೆ ದೊಡ್ಡಕ್ಷರದಿಂದ (ಕ್ಯಾಪಿಟಲ್) ಶುರುವಾದದ್ದು ಅಂಕಿತನಾಮ. ಎಡವಟ್ಟಾದದ್ದು ಅಲ್ಲೇ. ಇಂಗ್ಲಿಷಿನಲ್ಲಿ ದೇಶ, ಊರಿನ ಹೆಸರಿಂದ ಹುಟ್ಟಿದ ಗುಣವಾಚಕಕ್ಕೂ ದೊಡ್ಡಕ್ಷರವೇ. ‘ಇಂಡಿಯನ್ ಫುಡ್’ನ ಇಂಡಿಯನ್ ಕೂಡ ಎನ್‌ಎನ್‌ಪಿ ಆಗಿ ಕೂತಿತು. ಪದದ ಬಾಲ ನೋಡೋಣ ಅಂತ ಎ-ಎನ್, ಇ-ಎಸ್-ಇ, ಐ-ಎಸ್-ಎಚ್ ಕೊನೆಯಲ್ಲಿರುವುದನ್ನೆಲ್ಲ ಜೆಜೆಗೆ ತಳ್ಳಿದರೆ ಜಪಾನ್, ಮಿಲಾನ್, ಪಾಕಿಸ್ತಾನ್ ಮೂರೂ ಗುಣವಾಚಕಗಳಾದವು.

ಉತ್ತರ ಇದ್ದದ್ದು ಪದದೊಳಗಲ್ಲ, ಅಕ್ಕಪಕ್ಕದಲ್ಲಿ. ಮೊದಲು ದೇಶ, ಊರುಗಳ ಪಟ್ಟಿ ಇಟ್ಟು ಜಪಾನಿನಂಥವನ್ನು ಹೊರಗೆ ತೆಗೆಯಬೇಕು. ಆಮೇಲೆ ಬಲಗಡೆ ನೋಡಬೇಕು. ಅಲ್ಲೂ ದೊಡ್ಡಕ್ಷರದ ಪದವಿದ್ದರೆ ಎರಡೂ ಸೇರಿ ಒಂದೇ ಹೆಸರು: ‘ಇಂಡಿಯನ್ ಓಶನ್’ ಎರಡಕ್ಕೂ ಎನ್‌ಎನ್‌ಪಿ. ಸಣ್ಣಕ್ಷರದ ನಾಮಪದವಿದ್ದರೆ ಜೆಜೆ. ಬಲಗಡೆ ಪೂರ್ಣವಿರಾಮವೇ ಬಂದರೆ ಎಡಗಡೆಗೆ ತಿರುಗಬೇಕು. ‘ಶಿ ಈಸ್ ಇಂಡಿಯನ್’ ಗುಣವಾಚಕ, ‘ಶಿ ಈಸ್ ಆ್ಯನ್ ಇಂಡಿಯನ್’ ನಾಮಪದ. ಆ ಪುಟ್ಟ ‘ಆ್ಯನ್’ ಒಂದೇ ತೀರ್ಮಾನ ಮಾಡುತ್ತೆ, ಇದು ಕೆಲಸ ಮಾಡಿದ್ದು ನೋಡಿ ತುಂಬಾ ಖುಷಿಯಾಯಿತು.

ಈ ಕ್ರಮ ಹಿಂದುಮುಂದಾಗಬಾರದು. ಹಲವು ಪತ್ರಿಕೆಗಳ ಸುದ್ದಿ ಶೀರ್ಷಿಕೆಯಲ್ಲಿ ಮಾತ್ರ ಎಲ್ಲ ಮುಖ್ಯ ಪದಕ್ಕೂ ದೊಡ್ಡಕ್ಷರವಿರುವುದರಿಂದ ಆ ಸಾಲಿನ ಅಕ್ಷರಸಾಕ್ಷ್ಯ ನಂಬುವ ಹಾಗಿಲ್ಲ. ಅದೇ ಪದ ಕೆಳಗೆ ಸುದ್ದಿಯ ನಡುವೆ ಹೇಗಿದೆ ಅಂತ ನೋಡಬೇಕು. ವಾಕ್ಯದ ಮೊದಲ ಪದಕ್ಕೂ ಇದೇ ಮದ್ದು.

‘ಸ್ಟೋನ್ ವಾಲ್’ನ ಸ್ಟೋನ್ ಇನ್ನೊಂದು ನಾಮಪದದ ಮುಂದೆ ಕೂತರೂ ಗುಣವಾಚಕವಾಗದೆ ಎನ್‌ಎನ್ ಆಗಿಯೇ ಉಳಿಯಬೇಕು. ನಾಮಪದವೋ ಗುಣವಾಚಕವೋ ಅಂತ ‘ವೆರಿ’ ಸೇರಿಸಿ ನೋಡುವ ಪರೀಕ್ಷೆ ಒಂದೇ ದಿಕ್ಕಿನದು: ಸೇರಿದರೆ ಗುಣವಾಚಕ ಖಚಿತ, ಸೇರದಿದ್ದರೆ ಏನೂ ಖಚಿತವಲ್ಲ. ‘ಮೆಡಿಕಲ್’ ಗುಣವಾಚಕವೇ, ಆದರೂ ‘ವೆರಿ ಮೆಡಿಕಲ್’ ಯಾರೂ ಅನ್ನಲ್ಲ.

ಪುಕ್ಕಟೆ ಪದಪಟ್ಟಿ ಹಂಚುವವರಲ್ಲಿ ಒಂದು ಬೇಡಿಕೆ: ದಯವಿಟ್ಟು ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸಬೇಡಿ. ಹಾಗೆ ಇಳಿಸಿದ ಪಟ್ಟಿಯಲ್ಲಿ ಟರ್ಕಿ ದೇಶ ಕೋಳಿಜಾತಿಯ ಹಕ್ಕಿಯಾಯಿತು, ಚೈನಾ ಪಿಂಗಾಣಿಯಾಯಿತು, ಪೋಲೆಂಡಿನ ‘ಪೋಲಿಶ್’ ಬೂಟಿನ ಪಾಲಿಶ್ ಜೊತೆ ಬೆರೆತುಹೋಯಿತು.

ಮುಂದಿನದು ಕನ್ನಡದ್ದು, ಆಗಲೇ ಮನಸ್ಸು ಅಲ್ಲಿಗೆ ಓಡಿದೆ. ನಮ್ಮಲ್ಲಿ ದೊಡ್ಡಕ್ಷರವಿಲ್ಲ, ಆದರೆ ಪ್ರತ್ಯಯವಿದೆ. ‘ಕಮಲ ಅರಳಿತು’ ಹೂವು, ‘ಕಮಲ ಬಂದಳು’ ಹುಡುಗಿ. ‘ಕಮಲವನ್ನು’, ‘ಕಮಲಳನ್ನು’ ಕೂಡ ತಾವೇ ಹೇಳಿಬಿಡುತ್ತವೆ. ‘ಕಮಲ ಎಲ್ಲಿ?’ ಅಂದಾಗ ಕ್ರಿಯಾಪದವೂ ಇಲ್ಲ, ವಿಭಕ್ತಿಯೂ ಇಲ್ಲ. ಹಿಂದಿನ ವಾಕ್ಯದಲ್ಲಿ ಕಮಲ ಯಾವ ಲಿಂಗದಲ್ಲಿತ್ತು ಅಂತ ನೆನಪಿಟ್ಟುಕೊಳ್ಳುವ ಒಂದು ಕೋಷ್ಟಕದಿಂದ ಶುರು ಮಾಡಬೇಕು.